ಹಲಗೆಗೆ ಎರಡು ವರ್ಷ

ಜನವರಿ ೧೪

ಲೆಕ್ಕಪ್ಪನಿಗೆ,

ಅಕ್ಕನ ಅರ್ಧ ಆಶೀರ್ವಾದ. ಉಳಿದರ್ಧ ನಿನ್ನ ಉತ್ತರ ಬಂದ ಮೇಲೆ.

ಫೋನಿನಲ್ಲಿ ಹಣದ ಮಾತೆತ್ತಿದರೆ ನಾವಿಬ್ಬರೂ ಕ್ಷೇಮಸಮಾಚಾರ ಮುಗಿಯುವ ಮೊದಲೇ ಜಗಳಕ್ಕೆ ಬೀಳುತ್ತೇವೆ. ಅದಕ್ಕೆ ಅಮ್ಮ, "ದುಡ್ಡಿನ ವಿಷಯ ಕಾಗದದಲ್ಲಿ ಬರೀರಿ, ಕಾಗದದಲ್ಲಿ ಕಿರುಚೋಕಾಗಲ್ಲ" ಎಂದು ಅಪ್ಪನ ಕಾಲದ ಕಾನೂನನ್ನು ಮತ್ತೆ ಜಾರಿಗೆ ತಂದಿದ್ದಾಳೆ. ಬಂದ ಕಾಗದವನ್ನು ಊಟದ ಮೇಜಿನಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಬೇಕು ಎನ್ನುವ ಕಾನೂನೂ ಅದರ ಜೊತೆಗೇ ಬಂದಿದೆ. ಆದ್ದರಿಂದ ಅಕ್ಷರ ಬಿಡಿಸಿ ಬರೆ. ನಿನ್ನ ಕೈಬರಹ ಓದುವಾಗ ನಾನು ತಡವರಿಸಿದರೆ ನಿನ್ನ ಭಾವನಿಗೆ ನಗು ಬರುತ್ತದೆ.

ವಿಷಯ ಗಾಡಿಯದು. ನಮ್ಮ ಸಣ್ಣ ಕಾರಿಗೆ ಅಮ್ಮನನ್ನು ಹತ್ತಿಸುವುದು ಈಗ ಕುಸ್ತಿಯೇ ಆಗಿದೆ. ಕಾಲಿನ ಶಕ್ತಿ ಪೂರ್ತಿ ಹೋಗಿದೆ, ಕೈಯಲ್ಲೂ ಕಡಿಮೆಯಾಗುತ್ತಿದೆ. ನಾನು ಎದುರಿಗೆ ಬಗ್ಗಿ ಕಂಕುಳಿಗೆ ಕೈ ಕೊಟ್ಟು ಎತ್ತಬೇಕು, ನಿನ್ನ ಭಾವ ಕಾಲುಗಳನ್ನು ಒಳಗಿಡಬೇಕು, ಆಮೇಲೆ ವೀಲ್‌ಚೇರ್ ಮಡಚಿ ಡಿಕ್ಕಿಗೆ ತುರುಕಬೇಕು. ಹೋದ ಗುರುವಾರ ಆಸ್ಪತ್ರೆಯ ಈಜುಕೊಳದಲ್ಲಿ ವ್ಯಾಯಾಮ ಮುಗಿಸಿ ಹೊರಡುವಾಗ ನನ್ನ ಕೈ ಜಾರಿತು. ಅಮ್ಮ ಕಾರಿಗೂ ಫುಟ್‌ಪಾತಿಗೂ ನಡುವೆ ಕೂತುಬಿಟ್ಟಳು. ಇಬ್ಬರು ಓಡಿ ಬಂದರು. ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದವಳು, ಶಿಷ್ಯರ ಬಾಯಲ್ಲಿ 'ಬ್ರೇಕಮ್ಮ' ಎನ್ನಿಸಿಕೊಂಡವಳು, ನೆಲದ ಮೇಲೆ ಕೂತೇ ಅವರಿಗೆ, "ಮೊದ್ಲು ಆ ಹಿಂದಿನ ಗಾಡಿಗೆ ದಾರಿ ಬಿಡಿ, ನಾನೆಲ್ಲೂ ಓಡಿಹೋಗಲ್ಲ" ಎಂದಳು. ಅವರು ನಕ್ಕರು. ನಾನು ನಗಲಿಲ್ಲ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಹಾಗಾಗಿ ದೊಡ್ಡ ಗಾಡಿ ತೆಗೆದುಕೊಳ್ಳಲೇಬೇಕು ಎನ್ನುವಲ್ಲಿ ಒಮ್ಮತ ಇದೆ. ಯಾವುದು ಎನ್ನುವಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತಿದೆ. ನಿನ್ನ ಭಾವ ಎಲೆಕ್ಟ್ರಿಕ್ ಎಸ್‌ಯುವಿಯ ಚಿತ್ರ ನೋಡಿ ಮರುಳಾಗಿದ್ದಾರೆ. "ನಾನು ಲಿಫ್ಟ್ ರಿಪೇರಿ ಮಾಡೋನು, ಕರೆಂಟಿನ ಅನ್ನ ತಿನ್ನೋನು. ಪೆಟ್ರೋಲ್ ಗಾಡಿ ತಂದ್ರೆ ಅನ್ನಕ್ಕೆ ದ್ರೋಹ" ಎನ್ನುತ್ತಾರೆ. ನನಗೆ ಬಾಗಿಲು ಪಕ್ಕಕ್ಕೆ ಸರಿಯುವ ಪೆಟ್ರೋಲ್ ಮಿನಿವ್ಯಾನ್ ಸಾಕು. ನಾನು ಹೊಲಿದ ಪರದೆಗಳನ್ನು ಗಿರಾಕಿಗಳ ಮನೆಗೆ ಸಾಗಿಸಲೂ ಆಗುತ್ತದೆ. ಅಮ್ಮ ಮಾತ್ರ ಯಾರ ಕಡೆಗೂ ಇಲ್ಲ. "ಲೆಕ್ಕಪ್ಪನ್ನ ಕೇಳಿ. ಬಸ್ ಕಂಪನಿಯೋರೇ ಅವನ ಮಾತು ಕೇಳಿ ಬಸ್ ತಗೋತಾರೆ, ನಾವೇನು ಮಹಾ" ಎಂದಳು. ಹೇಳುವಾಗ ಸ್ವಲ್ಪ ಜಂಬವೂ ಇತ್ತು. ನಿನಗೆ ಗೊತ್ತಾಗಲಿ ಎಂದು ಬರೆದೆ.

ನಿನ್ನ ಅಕ್ಕ

ಒಳಚೀಟಿ

ಮೇಜಿನಲ್ಲಿ ಓದಬಾರದ್ದನ್ನು ಮೊದಲಿನಿಂದಲೂ ನಾವು ಹೀಗೆ ಬೇರೆ ಚೀಟಿಯಲ್ಲಿ ಮಡಚಿಡುತ್ತಿದ್ದೆವಲ್ಲ. ನೀನು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದು, ನಾನು ನಿನ್ನ ಭಾವನನ್ನು ಮೆಚ್ಚಿಕೊಂಡದ್ದು, ಎಲ್ಲ. ಇದು ಅಂಥ ಸಂತೋಷದ್ದಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ಎರಡು ವರ್ಷವಂತೆ. ಅಮ್ಮನಿಗೆ ಗೊತ್ತಿಲ್ಲ. ಲೆಕ್ಕ ಹಾಕುವಾಗ ಇದು ನಿನ್ನ ತಲೆಯಲ್ಲಿರಲಿ. ಕಾಗದದಲ್ಲಿ ಬೇಡ.

*

ಜನವರಿ ೨೯

ಪ್ರೀತಿಯ ಅಕ್ಕ, ಭಾವ, ಮತ್ತು ತೀರ್ಪುಗಾರಳಾದ ಅಮ್ಮನಿಗೆ,

ಲೆಕ್ಕಪ್ಪನ ನಮಸ್ಕಾರಗಳು. ಅಕ್ಷರ ಬಿಡಿಸಿ ಬರೆದಿದ್ದೇನೆ, ಭಾವ ಬೇರೆ ಯಾವುದಕ್ಕಾದರೂ ನಗಲಿ.

ಗಾಡಿ ಕೊಳ್ಳುವವರೆಲ್ಲ ಮಾಡುವ ತಪ್ಪೆಂದರೆ ಬೆಲೆ ಕೇಳುವುದು. ಬೆಲೆ ಎನ್ನುವುದು ಒಂದು ದಿನದ ನೋವು. ಗಾಡಿಯನ್ನು ಇಟ್ಟುಕೊಳ್ಳುವ ಖರ್ಚು ದಿನದಿನದ್ದು. ಇಂಧನ, ವಿಮೆ, ಟೈರು, ರಿಪೇರಿ, ಕೊನೆಗೆ ಮಾರಿದಾಗ ಕೈಗೆ ಬರುವುದು, ಇಷ್ಟನ್ನೂ ಸೇರಿಸಿ ನೋಡಬೇಕು. ಹೊಳೆಗೆ ಹಾಕಿದರೂ ಅಳೆದು ಹಾಕು ಎಂದು ಅಪ್ಪ ಹೇಳುತ್ತಿದ್ದರು. ಅದನ್ನೇ ನಾನು ಕಂಪನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿ ಸಂಬಳ ತೆಗೆದುಕೊಳ್ಳುತ್ತೇನೆ.

ಎಲೆಕ್ಟ್ರಿಕ್ ಗಾಡಿಯಿಂದ ಶುರು ಮಾಡುತ್ತೇನೆ, ಇಲ್ಲದಿದ್ದರೆ ಭಾವ ಊಟ ಮಾಡುವುದಿಲ್ಲ. ಅದರ ಬೆಲೆ ವ್ಯಾನಿನ ಒಂದೂವರೆ ಪಟ್ಟು. ಮನೆಯಲ್ಲಿ ಚಾರ್ಜಿಂಗಿಗೆ ದಪ್ಪ ವೈರು ಎಳೆಸಬೇಕು, ವಿಮೆಯೂ ಹೆಚ್ಚು. ಆದರೆ ಒಮ್ಮೆ ಮನೆಗೆ ಬಂದ ಮೇಲೆ ಅದು ಸಾಧು ಪ್ರಾಣಿ. ಆಯಿಲ್ ಬದಲಿಸಬೇಕಿಲ್ಲ, ಪ್ಲಗ್ ಇಲ್ಲ, ಸೈಲೆನ್ಸರ್ ಇಲ್ಲ. ಪೆಟ್ರೋಲಿಗೆ ಹೋಗುವ ಹಣದಲ್ಲಿ ಕಾಲು ಭಾಗವೂ ಕರೆಂಟಿಗೆ ಹೋಗುವುದಿಲ್ಲ. ವ್ಯಾನು ಹಾಗಲ್ಲ. ಕೊಳ್ಳುವಾಗ ಅಗ್ಗ, ಆಮೇಲೆ ಪ್ರತಿ ವಾರ ಪಂಪಿನ ಮುಂದೆ ಬಾಯಿ ತೆರೆದು ನಿಲ್ಲುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ ಯಾವುದು ಒಳ್ಳೆಯದು ಎಂದಲ್ಲ, ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು. ನೀವು ಓಡಿಸುವಷ್ಟೇ ಓಡಿಸಿದರೆ ಎಲೆಕ್ಟ್ರಿಕ್ ಗಾಡಿ ತನ್ನ ಹೆಚ್ಚಿನ ಬೆಲೆಯನ್ನು ಆರನೆಯ ವರ್ಷಕ್ಕೆ ತೀರಿಸುತ್ತದೆ. ಅದಕ್ಕಿಂತ ಮೊದಲು ಮಾರಿದರೆ ನಷ್ಟ, ಆಮೇಲೆ ಓಡಿಸಿದಷ್ಟೂ ಲಾಭ.

ಇನ್ನು ಅಮ್ಮನ ಅನುಕೂಲ. ವ್ಯಾನಿನ ನೆಲ ತಗ್ಗಿಸಿ ಹಿಂಬದಿಗೆ ಇಳಿಜಾರು ಹಲಗೆ ಕೂರಿಸಿಕೊಡುವವರಿದ್ದಾರೆ. ವೀಲ್‌ಚೇರ್ ಸಮೇತ ತಳ್ಳಿದರೆ ಆಯಿತು, ಯಾರೂ ಯಾರನ್ನೂ ಎತ್ತಬೇಕಾಗಿಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಬ್ಯಾಟರಿ ಇರುವುದೇ ನೆಲದಡಿಯಲ್ಲಿ, ಅದನ್ನು ತಗ್ಗಿಸಲು ಬರುವುದಿಲ್ಲ. ಹಲಗೆಯ ಕೆಲಸ ದುಬಾರಿ, ಆದರೆ ಹೆದರಬೇಡಿ. ಹಲಗೆಯ ಬಳಕೆ ಎರಡು ವರ್ಷ ಎಂದು ಹಿಡಿದಿದ್ದೇನೆ. ಆಮೇಲೆ ಬಿಚ್ಚಿ ಮಾರಬಹುದು, ಇಂಥ ಹಲಗೆಗೆ ಗಿರಾಕಿ ಯಾವಾಗಲೂ ಇರುತ್ತಾರೆ, ಒಳ್ಳೆಯ ಬೆಲೆ ಬರುತ್ತದೆ. ಅಷ್ಟು ಹೊತ್ತಿಗೆ ವ್ಯಾನಿನ ಅಗತ್ಯವೂ ಇರುವುದಿಲ್ಲವಾದ್ದರಿಂದ ಅದನ್ನೂ ಕೊಟ್ಟು ಸಣ್ಣ ಗಾಡಿಗೆ ಮರಳಬಹುದು. ಎರಡು ವರ್ಷಕ್ಕೆ ಪೆಟ್ರೋಲ್ ವ್ಯಾನೇ ಲಾಭ, ಅನುಮಾನವೇ ಇಲ್ಲ. ಭಾವ, ಕ್ಷಮಿಸಿ.

ಇತಿ ನಿಮ್ಮ
ಲೆಕ್ಕಪ್ಪ

ಒಳಚೀಟಿ

ಅಕ್ಕ, ನಿನ್ನ ಚೀಟಿ ಓದಿ ಡಿಪೋದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೆಕ್ಯಾನಿಕ್ ಒಬ್ಬ ನೀರು ತಂದುಕೊಟ್ಟ. ಅಮ್ಮನಿಗೆ ಸುಳಿವೂ ಸಿಗಬಾರದೆಂದು ಮೇಲಿನ ಕಾಗದವನ್ನು ಆದಷ್ಟು ನಗುನಗುತ್ತಾ ಬರೆದಿದ್ದೇನೆ. ಓದುವಾಗ ನಿನ್ನ ದನಿ ನಡುಗದಂತೆ ನೋಡಿಕೋ.

*

ಫೆಬ್ರವರಿ ೮

ತಮ್ಮನಿಗೆ,

ನನ್ನ ದನಿ ನಡುಗಬಾರದು ಎಂದು ಬರೆದಿದ್ದೀಯ. ನಿನ್ನ ಕೈ ನಡುಗಬೇಕಿತ್ತು ಮಹರಾಯ.

ನೀನು ಬರೆದದ್ದನ್ನು ನೀನೇ ಮತ್ತೊಮ್ಮೆ ಓದಿಕೊಂಡೆಯಾ? ಚೀಟಿಯಲ್ಲಿ ಇರಬೇಕಾದದ್ದು ಕಾಗದದಲ್ಲಿತ್ತು. ಹಲಗೆಗೆ ಎರಡು ವರ್ಷ, ಆಮೇಲೆ ಬಿಚ್ಚಿ ಮಾರಬಹುದು, ಒಳ್ಳೆಯ ಬೆಲೆ ಬರುತ್ತದೆ! ನಿನಗೆ ಅದು ಟೈರು, ವಿಮೆಗಳ ಜೊತೆ ಇನ್ನೊಂದು ಸಾಲು. ಬಸ್ಸುಗಳಿಗೆ ಆಯಸ್ಸು ಕಟ್ಟಿ ಕಟ್ಟಿ ಅಭ್ಯಾಸವಾದ ಕೈ.

ಅಮ್ಮ ಬಟಾಣಿ ಸುಲಿಯುತ್ತಿದ್ದಳು. ಬೆರಳುಗಳಿಗೆ ವ್ಯಾಯಾಮವಾಗಲಿ ಎಂದು ಅವಳಿಗೆ ನಾನೇ ಕೊಡುತ್ತೇನೆ. ನಿನ್ನ ಸಾಧು ಪ್ರಾಣಿಗೆ ನಕ್ಕಳು, ಪಂಪಿನ ಮುಂದೆ ಬಾಯಿ ತೆರೆಯುವುದಕ್ಕೂ ನಕ್ಕಳು. ನಾನೂ ಹುರುಪಿನಲ್ಲಿ ಓದಿಕೊಂಡು ಹೋದೆ. 'ಎರಡು ವರ್ಷ' ಬಾಯಿಂದ ಹೊರಗೆ ಬಿದ್ದ ಮೇಲೆಯೇ ನನಗೆ ಕೇಳಿಸಿದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಲ್ಲಿಸಿದೆ. ನಿನ್ನ ಭಾವ ನೀರಿನ ಲೋಟ ಹುಡುಕುವವರಂತೆ ಅತ್ತಿತ್ತ ನೋಡಿದರು. ಲೋಟ ಅವರ ಕೈಯಲ್ಲೇ ಇತ್ತು.

"ಯಾಕೆ ನಿಲ್ಲಿಸ್ದೆ? ಓದು" ಎಂದಳು ಅಮ್ಮ.

ಏನಾದರೂ ಕಟ್ಟಿ ಓದಬಹುದಿತ್ತು. ತಲೆ ಓಡಲಿಲ್ಲ. ಬಿಚ್ಚಿ ಮಾರುವುದನ್ನೂ, ಗಿರಾಕಿಗಳನ್ನೂ, ವ್ಯಾನಿನ ಅಗತ್ಯ ಇರುವುದಿಲ್ಲ ಎನ್ನುವುದನ್ನೂ, ಎಲ್ಲವನ್ನೂ ಶಾಲೆಯ ಹುಡುಗಿಯಂತೆ ಓದಿ ಮುಗಿಸಿದೆ. ಅಮ್ಮ ತಲೆ ತಗ್ಗಿಸಿಕೊಂಡು ಒಂದೇ ಬಟಾಣಿಯನ್ನು ಸುಲಿಯುತ್ತಾ ಇದ್ದಳು. ಆಮೇಲೆ, "ಒಳ್ಳೇ ಬೆಲೆ ಬರುತ್ತಂತಾ? ಬರ್ಲಿ" ಎಂದಳು. ಅಷ್ಟೇ.

ಅಂದಿನಿಂದ ಅವಳು ಹೊರಗೆ ಹೊರಟಿಲ್ಲ. ಗುರುವಾರ ಈಜುಕೊಳಕ್ಕೆ ಕರೆದರೆ ಚಳಿ ಎನ್ನುತ್ತಾಳೆ. ನಾನು ಹತ್ತಿರ ಹೋದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಆ ನೀರಿನಲ್ಲಿ ಮಾತ್ರ ಅವಳು ತಾನಾಗಿ ನಿಲ್ಲುವುದು, ಗೊತ್ತಲ್ಲ? ಅದನ್ನೂ ಬಿಟ್ಟರೆ ಆ ಎರಡು ವರ್ಷವೂ ಉಳಿಯುವುದಿಲ್ಲ.

ನಿನಗೆ ನಾಚಿಕೆಯಾಗಬೇಕು. ನನಗಂತೂ ಆಗಿದೆ, ಆ ಸಂಖ್ಯೆಯನ್ನು ನಿನ್ನ ಕೈಗೆ ಕೊಟ್ಟವಳು ನಾನೇ. ಬಂದು ಅವಳ ಎದುರು ಕೂತು ಮಾತಾಡು.

ಅಕ್ಕ

*

ಫೆಬ್ರವರಿ ೧೫

ಅಮ್ಮನಿಗೆ ನಮಸ್ಕಾರಗಳು.

ಬರಬೇಕೆಂದೇ ಇದ್ದೆ. ಡಿಪೋದಲ್ಲಿ ತಪಾಸಣೆ ನಡೆಯುತ್ತಿದೆ, ರಜೆ ಕೇಳುವ ಹಾಗಿಲ್ಲ. ಅದಕ್ಕೆ ಕಾಗದ.

ಹಿಂದಿನ ಕಾಗದದಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಗಿದೆ ಅಮ್ಮ. ಕರಡಿನಿಂದ ಇಳಿಸುವಾಗ ಹನ್ನೆರಡರ ಮೊದಲಿನ ಒಂದು ಬಿಟ್ಟುಹೋಗಿ ಬರೀ ಎರಡು ಆಗಿದೆ. ನಾನು ಹಿಡಿದದ್ದು ಹನ್ನೆರಡು ವರ್ಷ. ಆ ತಪ್ಪು ಎರಡರ ಮೇಲೆ ಉಳಿದ ಲೆಕ್ಕವನ್ನೂ ಕಟ್ಟಿಬಿಟ್ಟೆ. ಕಚೇರಿಯಲ್ಲಿ ಹೀಗೆ ಮಾಡಿದ್ದರೆ ಕಿವಿ ಹಿಂಡುತ್ತಿದ್ದರು.

ಸರಿಪಡಿಸಿ ನೋಡಿದರೆ ಫಲಿತಾಂಶ ತಲೆಕೆಳಗಾಗುತ್ತದೆ. ಹನ್ನೆರಡು ವರ್ಷಕ್ಕೆ ಎಲೆಕ್ಟ್ರಿಕ್ ಗಾಡಿಯೇ ಲಾಭ. ಆರನೆಯ ವರ್ಷಕ್ಕೆ ಬೆಲೆ ತೀರುತ್ತದೆ, ಮಿಕ್ಕ ಆರು ವರ್ಷ ಉಳಿತಾಯ. ಭಾವನಿಗೆ ತಿಳಿಸು, ಖುಷಿಪಡುತ್ತಾರೆ. ಹಲಗೆ ಕೂರಿಸಲು ಬರುವುದಿಲ್ಲ ಎಂದಿದ್ದೆನಲ್ಲ, ಹತ್ತಿಸಲು ಬೇರೆ ಏನಾದರೂ ವ್ಯವಸ್ಥೆ ಮಾಡಬಹುದು. ಭಾವನಿಗೆ ಹೇಗೂ ಮೇಲೆತ್ತುವ ಕೆಲಸವೇ ಗೊತ್ತಲ್ಲ.

ಈಜುಕೊಳಕ್ಕೆ ಹೋಗುತ್ತಿಲ್ಲ ಎಂದು ಅಕ್ಕ ಬರೆದಿದ್ದಾಳೆ. ದಯವಿಟ್ಟು ಹೋಗು ಅಮ್ಮ. ಹನ್ನೆರಡು ವರ್ಷ ಸಣ್ಣ ಅವಧಿಯಲ್ಲ.

ನಿನ್ನ ಮಗ

*

ಮಾರ್ಚ್ ೬

ತಮ್ಮನಿಗೆ,

ನಿನ್ನ ಹನ್ನೆರಡು ವರ್ಷದ ಫಲ ಏನಾಯಿತು ಎಂದು ಕೇಳು.

ನಿನ್ನ ಕಾಗದವನ್ನು ಅಮ್ಮ ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ, "ಮಗ ಹನ್ನೆರಡು ಕೊಟ್ಟಿದಾನೆ. ಸುಮ್ನೆ ಮನೇಲಿ ಕೂತ್ರೆ ಅವನಿಗೆ ಅವಮಾನ. ನಡೀರಿ, ಆ ಕರೆಂಟ್ ಗಾಡಿ ನೋಡ್ಕೊಂಡು ಬರೋಣ" ಎಂದಳು. ಅವಳು ನಂಬಿದಳೋ, ನಂಬಿದವಳಂತೆ ನಟಿಸಿದಳೋ, ನನಗೆ ತಿಳಿಯಲಿಲ್ಲ. ಹೊರಗೆ ಹೊರಟಳಲ್ಲ ಎನ್ನುವ ಸಂತೋಷದಲ್ಲಿ ನಾನು ಕೆದಕಲಿಲ್ಲ. ನಿನ್ನ ಭಾವ ಮುಂಗಡ ಕೊಡಲು ಚೆಕ್‌ಬುಕ್ಕನ್ನೇ ಜೇಬಿಗೆ ಹಾಕಿಕೊಂಡರು.

ಶೋರೂಮಿಗೆ ಮೂರು ಕಡೆ ಗಾಜಿನ ಗೋಡೆ. ಹೊರಗೆ ಬಸ್ ನಿಲ್ದಾಣ, ಕಾಯುವವರಿಗೆ ನಾವೇ ಸಿನಿಮಾ. ಮ್ಯಾನೇಜರು ಯಾರು ಅಂದುಕೊಂಡೆ? ಅಮ್ಮನ ಹಳೆಯ ಶಿಷ್ಯ. "ಟೀಚರ್! ನೀವಾ!" ಎಂದು ಓಡಿ ಬಂದು, ನಮ್ಮ ಮಾತಿಗೂ ಕಾಯದೆ ಇಬ್ಬರು ಕೆಲಸಗಾರರನ್ನು ಕರೆದ. ಆ ಗಾಡಿಯ ಸೀಟು ನನ್ನ ಸೊಂಟದಷ್ಟು ಎತ್ತರ. ಒಬ್ಬ ಕಂಕುಳಿಗೆ, ಇನ್ನೊಬ್ಬ ಮೊಣಕಾಲಿನ ಅಡಿಗೆ ಕೈ ಕೊಟ್ಟು ಎತ್ತಿದರು. ಪಾಪ, ಅವರು ಜೋಪಾನವಾಗಿಯೇ ಎತ್ತಿದರು. ಆದರೂ ಅಮ್ಮನ ಬಟ್ಟೆ ಮೇಲಕ್ಕೆ ಸರಿಯಿತು. ಸೊರಗಿದ ಆ ಕಾಲುಗಳು ನಿಲ್ದಾಣದಲ್ಲಿದ್ದವರಿಗೆಲ್ಲ ಕಾಣುವಂತೆ ಗಾಳಿಯಲ್ಲಿ ನೇತಾಡಿದವು. ಬಟ್ಟೆ ಎಳೆದುಕೊಳ್ಳಲು ಬೆರಳು ಚಾಚಿದಳು, ಬೆರಳಿಗೆ ಹಿಡಿತ ಸಿಗಲಿಲ್ಲ. ನಾನು ಓಡಿ ಹೋಗಿ ಎಳೆಯುವಷ್ಟರಲ್ಲಿ ನೋಡುವವರೆಲ್ಲ ನೋಡಿಯಾಗಿತ್ತು.

ಸೀಟಿನ ಮೇಲೆ ಕೂತ ಅಮ್ಮ, "ಚೆನ್ನಾಗಿದೆ. ಸದ್ದೇ ಇಲ್ಲ" ಎಂದಳು. ಗಾಡಿ ಚಾಲೂ ಮಾಡಿರಲೇ ಇಲ್ಲ.

ಆ ಮ್ಯಾನೇಜರು ಮಾತು ಹಗುರ ಮಾಡೋಣ ಎಂದು, "ಎಷ್ಟು ವರ್ಷ ಇಟ್ಕೋಬೇಕು ಅಂತಿದೀರಾ ಟೀಚರ್?" ಎಂದು ಕೇಳಿದ. ಅಮ್ಮ ಅವನ ಮುಖವನ್ನೇ ನೋಡುತ್ತಾ, "ಹನ್ನೆರಡು. ನನ್ನ ಮಗ ಲೆಕ್ಕ ಹಾಕಿದಾನೆ" ಎಂದಳು. ಅವನು ಅಮ್ಮನ ಕಾಲು ನೋಡಿದ, ನನ್ನ ಮುಖ ನೋಡಿದ, ನೆಲ ನೋಡಿದ. ನಿನ್ನ ಭಾವ ಚೆಕ್‌ಬುಕ್ ಹೊರಗೆ ತೆಗೆಯಲಿಲ್ಲ.

ಇಳಿಸಲು ಮತ್ತೆ ಅದೇ ಇಬ್ಬರು. ಈ ಸಲ ನಾನು ನನ್ನ ಶಾಲು ಹೊದಿಸಿದೆ. ದಾರಿಯುದ್ದಕ್ಕೂ ಅಮ್ಮ ಅದನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದುಕೊಂಡೇ ಕೂತಿದ್ದಳು. ಒಂದು ಸುಳ್ಳು ಹೇಳಿ ನಿನ್ನ ಮುಖ ಉಳಿಸಿಕೊಂಡೆ, ಅವಳ ಮಾನ ಹೋಯಿತು. ನಿನಗೆ ಬಯ್ಯಬೇಕೆಂದು ಕೂತೆ, ಆದರೆ ಅವಳನ್ನು ಅಲ್ಲಿಗೆ ತಳ್ಳಿಕೊಂಡು ಹೋದದ್ದು ಈ ಕೈಗಳೇ.

ಜೊತೆಗಿರುವ ಚೀಟಿ ಅಮ್ಮನದು. ಅವಳೇ ಬರೆದಳು, ಎರಡು ದಿನ ಹಿಡಿಯಿತು. ಮಡಚಿ ಗೋಂದು ಅಂಟಿಸಲು ಮಾತ್ರ ನನ್ನನ್ನು ಕರೆದಳು. ನಾನು ಓದಿಲ್ಲ.

ಅಕ್ಕ

ಒಳಚೀಟಿ

ಮಗನೇ,

ಅಕ್ಷರ ವಕ್ರವಾಗಿದ್ದರೆ ಸಹಿಸಿಕೋ. ಇದನ್ನು ಅಕ್ಕನಿಗೆ ಓದಿ ಹೇಳಬೇಡ.

ಈ ಒಳಚೀಟಿಯ ಪದ್ಧತಿ ನಿಮ್ಮಿಬ್ಬರ ಜಾಣತನ ಎಂದು ತಿಳಿದಿದ್ದೀರಿ. ನಿಮ್ಮಪ್ಪನೂ ನಾನೂ ನೀವು ಹುಟ್ಟುವ ಮೊದಲೇ ಮಾಡುತ್ತಿದ್ದೆವು. ನಿನ್ನ ಅಕ್ಕ ಲಕೋಟೆ ಒಡೆದ ತಕ್ಷಣ ಬಚ್ಚಲಿಗೆ ಹೋದರೆ ಒಳಗೆ ಚೀಟಿ ಇದೆ ಎಂದು ನನಗೆ ಗೊತ್ತಾಗುತ್ತದೆ.

ಡಾಕ್ಟರನ್ನು ನಾನು ಮೊದಲೇ ಕೇಳಿದ್ದೆ. ಅಕ್ಕ ಕಾರು ತರಲು ಹೋಗಿದ್ದಳು. ಸುತ್ತುಬಳಸಬೇಡಿ, ನಾನು ಜೀವಮಾನವೆಲ್ಲ ಹೊಸಬರ ಪಕ್ಕದಲ್ಲಿ ಕೂತವಳು, ಹೆದರುವುದಿಲ್ಲ ಎಂದೆ. ಒಂದು ವರ್ಷ ಎಂದರು. ಮಗಳು ಕೇಳಿದರೆ ಎರಡು ಅನ್ನಿ ಎಂದೆ. ಒಪ್ಪಲಿಲ್ಲ. ಅವಳು ಎಣಿಸುತ್ತಾ ಕೂತರೆ ನನ್ನನ್ನು ಎತ್ತುವಾಗ ಕೈ ನಡುಗುತ್ತದೆ, ಇಬ್ಬರೂ ಬೀಳುತ್ತೇವೆ ಎಂದು ಪೀಡಿಸಿದೆ. ಕೊನೆಗೆ ಒಪ್ಪಿದರು.

ಆದ್ದರಿಂದ ನೀನು ಬರೆದ ಎರಡು ನಿನ್ನದಲ್ಲ, ನನ್ನದು. ಅವತ್ತು ಮೇಜಿನಲ್ಲಿ ತಲೆ ತಗ್ಗಿಸಿದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ನನ್ನ ಸುಳ್ಳನ್ನು ನನ್ನ ಮಗಳು ನಿಜವೆಂದು ನಂಬಿ ನಡುಗುತ್ತಾ ಓದುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಆ ಎರಡಕ್ಕೇ ಅವಳು ಇಷ್ಟು ಇಳಿದುಹೋಗಿದ್ದಾಳೆ. ಒಂದು ಎಂದು ತಿಳಿದರೆ ಏನಾಗುತ್ತಾಳೆ?

ಹೊರಗೆ ಹೋಗುವುದು ಬಿಟ್ಟದ್ದು ಚಳಿಗೂ ಅಲ್ಲ, ದುಃಖಕ್ಕೂ ಅಲ್ಲ. ಕಾರಿಗೆ ಎತ್ತುವಾಗ ಅವಳ ಮುಖ ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ ಬರುತ್ತದೆ. ಅಷ್ಟು ಹತ್ತಿರದಿಂದ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಹಲಗೆ ಇದ್ದರೆ ಹಿಂದಿನಿಂದ ತಳ್ಳುತ್ತಾಳೆ, ಮುಖ ಕಾಣುವುದಿಲ್ಲ. ನನಗೆ ಆ ವ್ಯಾನು ಬೇಕಾಗಿರುವುದು ಇಷ್ಟಕ್ಕೇ. ಇದಕ್ಕೆ ನಿನ್ನ ಲೆಕ್ಕದಲ್ಲಿ ಯಾವ ಸಾಲಿನಲ್ಲಿ ಜಾಗವಿದೆಯೋ ನಾನರಿಯೆ.

ಬೇಗ ಕೊಡಿಸು. ಹಳೆಯದಾದರೂ ಸರಿ. ಚಳಿಗಾಲ ಪೂರ್ತಿ ಲೆಕ್ಕ ಓದುವುದರಲ್ಲೇ ಹೋಯಿತು.

ಇನ್ನೊಂದು ಮಾತು. ನಿನ್ನ ಹನ್ನೆರಡು ಓದಿ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಸುಳ್ಳು ಹೇಳುವುದು ನನ್ನಿಂದ ನಿನಗೆ ಬಂದಿದೆ, ಅಳತೆ ಮಾತ್ರ ಬಂದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ನಿಜ ಗೊತ್ತಿರಬೇಕು. ಎತ್ತುವವಳು ಅವಳು, ಎಣಿಸುವವನು ನೀನು. ಅದಕ್ಕೆ ನಿನಗೆ ಹೇಳಿದೆ. ವಾರಕ್ಕೊಮ್ಮೆ ಬಂದು ನೀನು ಓಡಿಸು. ಓಡಿಸುವವನು ರಸ್ತೆ ನೋಡಬೇಕು, ಕೂತವರ ಮುಖ ನೋಡಬಾರದು. ಅಷ್ಟಾದರೂ ನಿನ್ನಿಂದ ಆಗುತ್ತದೆ.

ಅಮ್ಮ

*

ಮಾರ್ಚ್ ೧೬

ಅಕ್ಕ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ಭಾವನಿಗೂ ಅಮ್ಮನಿಗೂ ನಮಸ್ಕಾರ ಹೇಳು. ಇದು ಮೇಜಿನಲ್ಲಿ ಓದುವ ಕಾಗದವೇ.

ಹನ್ನೆರಡು ಎಂದು ಬರೆದದ್ದು ಕೈತಪ್ಪಲ್ಲ, ಸುಳ್ಳು. ಮಾಡಿದ ತಪ್ಪು ನೋಡಲಾರದೆ ಅದರ ಮೇಲೆ ಬಟ್ಟೆ ಮುಚ್ಚಿದೆ, ಅಮ್ಮನ ಬಟ್ಟೆ ಸರಿಯಿತು. ಡಿಪೋದಲ್ಲಿ ತಪಾಸಣೆಯ ಕಾಟವೂ ಇರಲಿಲ್ಲ. ಮನೆಗೆ ಬರಲು ಮುಖ ಇರಲಿಲ್ಲ, ಅಷ್ಟೇ. ಭಾವ ನಂಬಿ ಚೆಕ್‌ಬುಕ್ ಹಿಡಿದು ಹೊರಟರಲ್ಲ, ಅವರ ಕ್ಷಮೆಯನ್ನೂ ಕೇಳುತ್ತೇನೆ. ಅವರ ಆಸೆಯ ಗಾಡಿ ಒಳ್ಳೆಯದೇ, ನಮ್ಮ ಮನೆಗೆ ಈಗ ಆಗಿಬರುವುದಿಲ್ಲ.

ಲೆಕ್ಕ ಹೀಗಿದೆ. ಪೆಟ್ರೋಲ್ ವ್ಯಾನು, ಹಳೆಯದು. ನಮ್ಮ ಕಂಪನಿಯ ಗುತ್ತಿಗೆದಾರನೊಬ್ಬನ ಬಳಿ ಹಲಗೆ ಕೂರಿಸಿದ್ದೇ ಒಂದು ಸಿದ್ಧವಾಗಿದೆ. ನಾನೇ ಹೋಗಿ ನೋಡಿದೆ, ಹಲಗೆಯ ಮೇಲೆ ಖಾಲಿ ವೀಲ್‌ಚೇರ್ ತಳ್ಳಿ ನೋಡಿದೆ, ಒಂದೇ ಕೈಯಲ್ಲಿ ಏರಿತು. ಪೆಟ್ರೋಲ್ ಕುಡಿಯುತ್ತದೆ, ಕುಡಿಯಲಿ. ವರ್ಷದ ಕೊನೆಗೆ ಬೆಲೆ ಇಳಿಯುತ್ತದೆ, ಕಾಯೋಣ ಎಂದು ಭಾವ ಹೇಳಬಹುದು. ಕಂಪನಿಯಾಗಿದ್ದರೆ ನಾನೂ ಕಾಯಿರಿ ಎನ್ನುತ್ತಿದ್ದೆ. ಕಾಯುವುದು ಬೇಡ. ಈ ಶನಿವಾರವೇ ತರುತ್ತೇನೆ.

ಇನ್ನು ಮೇಲೆ ಪ್ರತಿ ಶನಿವಾರ ಬರುತ್ತೇನೆ. ಈಜುಕೊಳದ ದಿನವನ್ನು ಶನಿವಾರಕ್ಕೆ ಬದಲಿಸಿಕೊಡಲು ಕೇಳು. ನೀನು ಅಮ್ಮನನ್ನು ತಳ್ಳಿ ಹತ್ತಿಸು, ಓಡಿಸುವುದು ನನ್ನ ಪಾಲಿಗಿರಲಿ. ಇದ್ದಕ್ಕಿದ್ದಂತೆ ಇವನಿಗೇನಾಯಿತು ಎಂದು ನೀನು ಹುಬ್ಬೇರಿಸುತ್ತೀಯ. ಮಾಡಿದ ಕೆಲಸಕ್ಕೆ ನಾಚಿ ಬರುತ್ತಿದ್ದಾನೆ ಅಂದುಕೋ. ಅದು ನಿಜವೇ.

ಅಮ್ಮ ಏನು ಬರೆದಿದ್ದಳು ಎಂದು ನೀನು ಕೇಳಿಯೇ ಕೇಳುತ್ತೀಯ. ಬೈದಿದ್ದಾಳೆ, ಚೆನ್ನಾಗಿ.

ಕೊನೆಯ ಸಾಲು. ಹಲಗೆಗೆ ಎರಡು ವರ್ಷ. ಡಾಕ್ಟರು ಹೇಳಿದ್ದೂ ಅಷ್ಟೇ, ನಾನು ಹಿಡಿದಿರುವುದೂ ಅಷ್ಟೇ, ಈ ಸಲ ಸಂಖ್ಯೆಯಲ್ಲಿ ತಪ್ಪಿಲ್ಲ. ಅಮ್ಮನಿಗೂ ಈಗ ಗೊತ್ತಿರುವುದರಿಂದ ಮುಚ್ಚಿಡುವುದೇನೂ ಉಳಿದಿಲ್ಲ, ಇಲ್ಲಿಗೆ ಬಂದಾಗ ನಿಲ್ಲಿಸಬೇಡ, ಗಟ್ಟಿಯಾಗಿಯೇ ಓದು. ಒಳಗೆ ಚೀಟಿ ಏನೂ ಇಲ್ಲ ಅಕ್ಕ, ಹುಡುಕಬೇಡ.

ತಮ್ಮ